ಹರ್ಮನ್ ಆನಂದರಾವ್ ಕೌಂಡಿನ್ಯ: ಸಭಾಸದಸ್ಯತ್ವದ ಅರ್ಥ ಮತ್ತು ಬೆಲೆ

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಂಸ್ಕೃತಿಕ ಚರಿತ್ರೆಯಲ್ಲಿ ಬಾಸೆಲ್ ಮಿಶನ್ ಎಂದೊಡನೆ ಹರ್ಮನ್ ಮೊಗ್ಲಿಂಗ್ ಮತ್ತು ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರುಗಳು ಮುಂದೆ ಬರುತ್ತವೆ. ಮೊದಲನೆಯವರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಎರಡನೆಯವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಇವರ ಸಾಧನೆಯ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಆದರೆ ಅದೇ ಮಿಶನ್ನಿನ ಸಭೆಯನ್ನು ಹೊರಗಿನಿಂದ ಬಂದು ಸೇರಿ, ಅದರ ಪಾದ್ರಿಯೂ ಅಧ್ಯಾಪಕರೂ ಆದ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರು ಬಹುಮಟ್ಟಿಗೆ ಮೊಗ್ಲಿಂಗರ ಜೀವನಕಥೆಯ ಒಂದು ಉಪಕಥೆಯಾಗಿ ಮಾತ್ರ ಉಳಿದಿದ್ದಾರೆ. ಒಂದು ಕ್ರೈಸ್ತ ಸಭೆಯ ಸದಸ್ಯನಾಗುವುದೆಂದರೆ ಆ ಕಾಲದಲ್ಲಿ ಏನೆಂಬುದನ್ನು ಅರಿಯಲು ಅವರ ಬದುಕಿನಷ್ಟು ಸ್ಪಷ್ಟವಾದ ನಿದರ್ಶನ ಕನ್ನಡ ನಾಡಿನಲ್ಲಿ ವಿರಳ.

ಆನಂದರಾವ್ 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ದಕ್ಷಿಣ ಕನ್ನಡವು 1799ರಿಂದ ಕಂಪನಿಯ ಆಡಳಿತಕ್ಕೆ ಒಳಪಟ್ಟಿದ್ದಿತು. ಕಚೇರಿ ಮತ್ತು ನ್ಯಾಯಾಲಯಗಳ ಉದ್ಯೋಗಗಳಲ್ಲಿ ಸಾರಸ್ವತರು ಗಣನೀಯ ಸ್ಥಾನ ಪಡೆದಿದ್ದರು. ಇಂಗ್ಲಿಷ್ ಬಲ್ಲವರಿಗೆ ಭವಿಷ್ಯವಿದೆ ಎಂಬ ಅರಿವು ಆ ಸಮಾಜದಲ್ಲಿ ಬಲವಾಗಿದ್ದ ಕಾರಣ, ಮಿಶನರಿಗಳು ತೆರೆದ ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳುಹಿಸಲು ಮನೆಯ ಹಿರಿಯರು ಹಿಂಜರಿಯಲಿಲ್ಲ. ಅವರಿಗೆ ಬೇಕಾಗಿದ್ದುದು ಭಾಷೆ. ಮಿಶನರಿಗಳ ಉದ್ದೇಶ ಬೇರೆಯಾಗಿತ್ತು. ಈ ಎರಡು ನಿರೀಕ್ಷೆಗಳ ನಡುವೆ ಬೆಳೆದ ಹುಡುಗರಲ್ಲಿ ಆನಂದರಾವ್ ಒಬ್ಬರು.

ಅವರು ಸೇರಿದ ಸಭೆಯ ಸ್ವರೂಪವನ್ನು ಇಲ್ಲಿ ವಿವರಿಸುವುದು ಅಗತ್ಯ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಗೊಂಡ ಮಿಶನ್ ಯಾವುದೇ ಒಂದು ಪಂಥದ ಅಧೀನದಲ್ಲಿರಲಿಲ್ಲ. ಸ್ವಿಸ್ ರಿಫಾರ್ಮ್ಡ್ ಸಭೆಯವರೂ ನೆರೆಯ ವುರ್ಟೆಂಬರ್ಗ್ ರಾಜ್ಯದ ಲೂಥರನ್ ಭಕ್ತಿಪಂಥೀಯರೂ ಅದರಲ್ಲಿ ಜೊತೆಗೂಡಿದ್ದರು. ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮೊದಲಿಗರು 1834ರ ಅಕ್ಟೋಬರಿನಲ್ಲಿ ಮಂಗಳೂರನ್ನು ತಲುಪಿದರು. 1836ರಲ್ಲಿ ಬಂದ ಮೊಗ್ಲಿಂಗ್ ವುರ್ಟೆಂಬರ್ಗಿನವರು. ಹೀಗಾಗಿ ಮಂಗಳೂರಿನ ಸಭೆಯಲ್ಲಿ ಲೂಥರನ್ ಸಂಪ್ರದಾಯದ ಛಾಯೆ ಗಾಢವಾಗಿತ್ತು. ಧರ್ಮಬೋಧೆಯ ಕಲಿಕೆ, ದೀಕ್ಷಾಸ್ನಾನ, ಸ್ಥಿರೀಕರಣ, ಕರ್ತನ ಭೋಜನದಲ್ಲಿ ಭಾಗಿಯಾಗುವ ಹಕ್ಕು, ತಪ್ಪಿದವರನ್ನು ಭೋಜನದಿಂದ ಹೊರಗಿಡುವ ಶಿಸ್ತು ಇವೆಲ್ಲ ಸದಸ್ಯತ್ವದ ಅಂಗಗಳಾಗಿದ್ದವು. ಜರ್ಮನಿಯ ಹಳ್ಳಿಯೊಂದರಲ್ಲಿ ಮಗು ಹುಟ್ಟಿನೊಡನೆಯೇ ಪಡೆಯುತ್ತಿದ್ದ ಈ ಸದಸ್ಯತ್ವವನ್ನು ಮಂಗಳೂರಿನ ಯುವಕನೊಬ್ಬ ತಾನೇ ಆರಿಸಿಕೊಳ್ಳಬೇಕಾಗಿತ್ತು. ಅಲ್ಲಿ ಅದು ಊರಿನೊಡನೆ ಒಂದಾಗುವ ಕ್ರಿಯೆ; ಇಲ್ಲಿ ಊರಿನಿಂದ ಬೇರ್ಪಡುವ ಕ್ರಿಯೆ.

1844ರ ಜನವರಿ 6ರಂದು ಆನಂದರಾವ್ ಮತ್ತಿಬ್ಬರು ಬ್ರಾಹ್ಮಣ ಯುವಕರೊಡನೆ ಮೊಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಹದಿನೆಂಟು ವರ್ಷ. ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ಸ್ವೀಕರಿಸಿದರೂ ಮನೆಯವರು ಇಟ್ಟ ಹೆಸರನ್ನಾಗಲಿ ಕೌಂಡಿನ್ಯ ಎಂಬ ಗೋತ್ರನಾಮವನ್ನಾಗಲಿ ಅವರು ಬಿಟ್ಟುಕೊಡಲಿಲ್ಲ. ಈ ಘಟನೆಯಿಂದ ಪಟ್ಟಣದಲ್ಲಿ ತೀವ್ರ ಕ್ಷೋಭೆ ಉಂಟಾಯಿತು. ಅನೇಕರು ತಮ್ಮ ಮಕ್ಕಳನ್ನು ಮಿಶನ್ ಶಾಲೆಯಿಂದ ಬಿಡಿಸಿಕೊಂಡರು. ಅದುವರೆಗೆ ಸಭೆ ಸೇರಿದವರಲ್ಲಿ ಹೆಚ್ಚಿನವರು ಜಾತಿಶ್ರೇಣಿಯಲ್ಲಿ ಬ್ರಾಹ್ಮಣರಿಗಿಂತ ಕೆಳಗಿದ್ದ ಸಮುದಾಯಗಳವರಾಗಿದ್ದರಿಂದ ಪಟ್ಟಣದ ಮುಖಂಡರು ಅದನ್ನು ಅಷ್ಟಾಗಿ ಲೆಕ್ಕಿಸಿರಲಿಲ್ಲ. ಬ್ರಾಹ್ಮಣ ಮನೆಯ ಮಗನೊಬ್ಬ ಹೊರಟುಹೋದಾಗ ಮಾತ್ರ ಅದು ಊರಿನ ವಿಪತ್ತಾಗಿ ಕಂಡಿತು.

ಕೌಂಡಿನ್ಯರು ತೊರೆದುದು ನಂಬಿಕೆಯೊಂದನ್ನೇ ಅಲ್ಲ. ಪಂಕ್ತಿ, ಸೂತಕ, ಶ್ರಾದ್ಧ, ಆಸ್ತಿ, ವಿವಾಹ ಇವೆಲ್ಲವೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿದ್ದ ಸಮಾಜದಲ್ಲಿ ಒಂದನ್ನು ಬಿಟ್ಟವನಿಗೆ ಉಳಿದವೂ ತಪ್ಪಿಹೋಗುತ್ತಿದ್ದವು. ಮತಾಂತರಗೊಂಡವರ ಆಸ್ತಿಯ ಹಕ್ಕನ್ನು ರಕ್ಷಿಸುವ ಕಾಯ್ದೆ ಕಂಪನಿಯ ಪ್ರದೇಶಗಳಲ್ಲಿ ಜಾರಿಗೆ ಬಂದದ್ದು 1850ರಲ್ಲಿ. ಅವರ ವಿವಾಹದ ಪ್ರಶ್ನೆಯನ್ನು ಇತ್ಯರ್ಥಪಡಿಸುವ ಕಾಯ್ದೆ 1866ರಲ್ಲಿ. 1844ರಲ್ಲಿ ಈ ಎರಡೂ ಇರಲಿಲ್ಲ.

ವಿವಾಹದ ಪ್ರಶ್ನೆಯೇ ಕೌಂಡಿನ್ಯರ ಪಾಲಿಗೆ ಅತ್ಯಂತ ಕಠಿಣವಾದುದಾಯಿತು. ಅಂದಿನ ರೂಢಿಯಂತೆ ಅವರಿಗೆ ಬಾಲ್ಯದಲ್ಲಿಯೇ ವಿವಾಹವಾಗಿತ್ತು. ಪತ್ನಿ ಅವರೊಡನೆ ಹೊಸ ಸಭೆಗೆ ಬರಲಿಲ್ಲ. ಈ ಪ್ರಸಂಗವನ್ನು ಮಿಶನ್ನಿನ ದೃಷ್ಟಿಯಿಂದ ನೋಡಿದರೆ ಅದು ಯುವಕನೊಬ್ಬನ ತ್ಯಾಗವಾಗಿ ತೋರುತ್ತದೆ; ಆ ಬಾಲಪತ್ನಿಯ ದೃಷ್ಟಿಯಿಂದ ನೋಡಿದರೆ ಅರ್ಥ ಬದಲಾಗುತ್ತದೆ. ಗಂಡನ ನಿರ್ಧಾರದಲ್ಲಿ ಆಕೆಗೆ ಪಾಲಿರಲಿಲ್ಲ. ಗಂಡ ಬದುಕಿದ್ದೂ ಇಲ್ಲದಂತಹ ಸ್ಥಿತಿಯಲ್ಲಿ ಮರುಮದುವೆಗೆ ಅವಕಾಶವಿಲ್ಲದ ಸಮಾಜದೊಳಗೆ ಆಕೆ ಉಳಿಯಬೇಕಾಯಿತು. 1866ರ ಕಾಯ್ದೆಯು ನ್ಯಾಯಾಲಯದ ಮುಂದೆ ಸಂಗಾತಿಯ ಅಭಿಪ್ರಾಯವನ್ನು ಕೇಳಿ, ಮರುಚಿಂತನೆಗೆ ಒಂದು ವರ್ಷದ ಅವಧಿ ನೀಡಿ, ಆ ಬಳಿಕವೇ ವಿವಾಹವನ್ನು ರದ್ದುಗೊಳಿಸುವ ಕ್ರಮವನ್ನು ರೂಪಿಸಿತು. ಇಂತಹ ಸಂದರ್ಭಗಳು ಶಾಸನವನ್ನು ಬೇಡುವಷ್ಟು ಹೆಚ್ಚಿದ್ದವೆಂಬುದಕ್ಕೆ ಆ ಕಾಯ್ದೆಯೇ ಸಾಕ್ಷಿ. ಸಭಾಸದಸ್ಯತ್ವದ ಬೆಲೆಯನ್ನು ಸದಸ್ಯನಾದವನೊಬ್ಬನೇ ತೆರಲಿಲ್ಲವೆಂಬುದನ್ನು ಕೌಂಡಿನ್ಯರ ಜೀವನವನ್ನು ಓದುವವರು ಮರೆಯುವಂತಿಲ್ಲ.

1846ರಲ್ಲಿ ಕೌಂಡಿನ್ಯರು ಮೊಗ್ಲಿಂಗರೊಡನೆ ಬಾಸೆಲ್ ತಲುಪಿದರು. ಮೊಗ್ಲಿಂಗ್ ಅದೇ ವರ್ಷ ಹಿಂದಿರುಗಿದರೂ ಶಿಷ್ಯರು 1851ರವರೆಗೆ ಅಲ್ಲಿನ ಮಿಶನ್ ವಿದ್ಯಾಲಯದಲ್ಲಿ ದೈವಶಾಸ್ತ್ರದ ವ್ಯಾಸಂಗ ನಡೆಸಿದರು. ಯುರೋಪಿಯನ್ ಸಹಪಾಠಿಗಳಿಗಿದ್ದ ಪಾಠಕ್ರಮವೇ ಅವರಿಗೂ ಇದ್ದಿತು. 1851ರಲ್ಲಿ ಗುರುದೀಕ್ಷೆ ಪಡೆದು ತಾಯ್ನಾಡಿಗೆ ಮರಳಿದಾಗ ಅವರು ಬಾಸೆಲಿನಲ್ಲಿ ಶಿಕ್ಷಣ ಪಡೆದು ಅಭಿಷಿಕ್ತರಾದ ಮೊದಲ ಭಾರತೀಯರಾಗಿದ್ದರು. ಇದರ ಮಹತ್ವವನ್ನು ಅಂದಿನ ಸಂದರ್ಭದಲ್ಲಿಟ್ಟು ನೋಡಬೇಕು. ದೇಶೀಯ ಕ್ರೈಸ್ತರಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಉಪದೇಶಕನ ಅಥವಾ ಶಾಲಾ ಉಪಾಧ್ಯಾಯನ ಸ್ಥಾನ. ಆಡಳಿತದ ತೀರ್ಮಾನಗಳು ಯುರೋಪಿಯನ್ ಮಿಶನರಿಗಳ ಕೈಯಲ್ಲಿದ್ದವು. ಸಭೆಯೊಳಗೆ ಎಲ್ಲರೂ ಸಮಾನರೆಂಬ ತತ್ತ್ವ ಜಾತಿಯ ವಿಷಯದಲ್ಲಿ ಎಷ್ಟು ದೃಢವಾಗಿತ್ತೋ ವರ್ಣದ ವಿಷಯದಲ್ಲಿ ಅಷ್ಟು ದೃಢವಾಗಿರಲಿಲ್ಲ. ಕೌಂಡಿನ್ಯರು ಆ ಗೆರೆಯನ್ನು ದಾಟಿದರು. ಆದರೆ ಅವರ ಹಿಂದೆ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ.

ಮಂಗಳೂರಿನ ಬಲ್ಮಠದಲ್ಲಿ ಮೊಗ್ಲಿಂಗ್ 1847ರಲ್ಲಿ ಆರಂಭಿಸಿದ್ದ ಸೆಮಿನರಿಯಲ್ಲಿ ಕೌಂಡಿನ್ಯರು ಬೋಧಿಸತೊಡಗಿದರು. ಮುಂದಿನ ಪೀಳಿಗೆಯ ಉಪದೇಶಕರು ಅವರಿಂದ ಪಾಠ ಕೇಳಿದರು. ಸಭೆ ಸೇರಿದವರ ಜೀವನೋಪಾಯದ ಪ್ರಶ್ನೆ ಆ ವೇಳೆಗೆ ತೀವ್ರವಾಗಿತ್ತು. ಜಾತಿಯನ್ನು ಕಳೆದುಕೊಂಡವನು ಕುಲಕಸುಬನ್ನೂ, ಸಾಲ ಕೊಡುವವರನ್ನೂ, ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದನು. 1841ರಲ್ಲಿ ಸ್ಥಾಪನೆಯಾಗಿದ್ದ ಮುದ್ರಣಾಲಯ, 1851ರ ನೇಯ್ಗೆ ಕಾರ್ಖಾನೆ, 1865ರ ಹೆಂಚಿನ ಕಾರ್ಖಾನೆ ಇವು ಇಂತಹವರಿಗೆ ಕೆಲಸ ಒದಗಿಸಿದವು. ಕರಾವಳಿಯ ಕೈಗಾರಿಕೆಯ ಚರಿತ್ರೆಯ ಒಂದು ಅಧ್ಯಾಯ ಹೀಗೆ ಸದಸ್ಯತ್ವದ ಸಮಸ್ಯೆಯಿಂದಲೇ ಹುಟ್ಟಿತೆನ್ನಬಹುದು.

1860ರಲ್ಲಿ ಕೌಂಡಿನ್ಯರು ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಅವರನ್ನು ವಿವಾಹವಾದರು. 1837ರಲ್ಲಿ ಜನಿಸಿದ ಈಕೆ ಸಭೆಯ ವಿಶ್ವಾಸವೊಂದನ್ನು ನೆಚ್ಚಿ ಕಡಲು ದಾಟಿ ಬಂದವರು. ಯುರೋಪಿನ ಹೆಣ್ಣು ಭಾರತೀಯನನ್ನು ವರಿಸುವುದು ಆಳುವವರ ಸಮಾಜದಲ್ಲಿ ಸುಲಭವಾಗಿ ಒಪ್ಪಿಗೆಯಾಗುವ ಸಂಗತಿಯಾಗಿರಲಿಲ್ಲ. 1857ರ ದಂಗೆಯ ನಂತರ ಎರಡು ಜನಾಂಗಗಳ ನಡುವಿನ ಅಂತರ ಮತ್ತಷ್ಟು ಹೆಚ್ಚಿದ್ದ ಕಾಲವದು. ಹದಿನಾರು ವರ್ಷಗಳ ಹಿಂದೆ ಮನೆಯನ್ನು ಕಳೆದುಕೊಂಡಿದ್ದ ಕೌಂಡಿನ್ಯರಿಗೆ ಸಭೆಯ ಮೂಲಕವೇ ಮತ್ತೊಂದು ಮನೆ ದೊರೆಯಿತು.

ಅವರ ಬದುಕಿನ ಅತ್ಯಂತ ಅರ್ಥಪೂರ್ಣ ಭಾಗ ಕೊಡಗಿನೊಡನೆ ಬೆಸೆದುಕೊಂಡಿದೆ. 1834ರಲ್ಲಿ ಕಂಪನಿಗೆ ಸೇರಿದ ಕೊಡಗು ಮೈಸೂರಿನ ಕಮಿಷನರರ ಮೇಲ್ವಿಚಾರಣೆಯಲ್ಲಿತ್ತು. ಆಲಮಂಡ ಸೋಮಯ್ಯ ಎಂಬ ಕೊಡವರು ಕ್ರೈಸ್ತರಾದ ಬಳಿಕ ಮೊಗ್ಲಿಂಗ್ 1853ರಲ್ಲಿ ಅಲ್ಲಿಗೆ ತೆರಳಿದರು. ಕೊಡವ ಒಡೆಯರ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ಹೊಲೆಯ ಕುಟುಂಬಗಳು ಸಭೆಯತ್ತ ಬಂದವು. ಅವರಿಗಾಗಿ 1850ರ ದಶಕದ ಕೊನೆಯಲ್ಲಿ ಅಮ್ಮತ್ತಿಯ ಸಮೀಪ ನೆಲೆಯೊಂದು ರೂಪುಗೊಂಡಿತು. ಕೌಂಡಿನ್ಯರು ಭೂಮಿ ಪಡೆದು ಕಾಫಿ ತೋಟ ಎಬ್ಬಿಸುವ ಕಾರ್ಯದಲ್ಲಿ ಮುಂದಾದರು. ಅವರ ಹೆಸರಿನಿಂದಲೇ ಅದು ಆನಂದಪುರವೆನಿಸಿತು.

ಸಭೆಯೊಳಗೆ ಜಾತಿಯ ಸ್ಥಾನವೇನು ಎಂಬುದು ಆ ದಶಕದಲ್ಲಿ ದಕ್ಷಿಣ ಭಾರತದ ಲೂಥರನ್ನರನ್ನು ಒಡೆದಿದ್ದ ಪ್ರಶ್ನೆ. ತಮಿಳು ನಾಡಿನಲ್ಲಿ 1706ರಿಂದ ಬೆಳೆದಿದ್ದ ತರಂಗಂಬಾಡಿಯ ಪರಂಪರೆಯಲ್ಲಿ ಜಾತಿಗನುಗುಣವಾಗಿ ಬೇರೆ ಬೇರೆ ಕೂರುವ ರೂಢಿ ಉಳಿದಿತ್ತು. ಆ ಪರಂಪರೆಯನ್ನು ಮುಂದುವರಿಸಿದ ಲೈಪ್ಸಿಗ್ ಮಿಶನ್ ಕಾರ್ಲ್ ಗ್ರೌಲ್ ಅವರ ನೇತೃತ್ವದಲ್ಲಿ ಜಾತಿಯನ್ನು ಸಾಮಾಜಿಕ ವ್ಯವಸ್ಥೆಯೆಂದು ಬಗೆದು ಸಹಿಸುವ ನಿಲುವು ತಳೆಯಿತು. ಬಾಸೆಲ್ ಮಿಶನ್ ಇದಕ್ಕೆ ಒಪ್ಪದೆ, ಜಾತಿಯನ್ನು ಬಿಡುವುದು ಸದಸ್ಯತ್ವದ ನಿಬಂಧನೆಯೆಂದೇ ಎಣಿಸಿತು. ಕಾಗದದ ಮೇಲಿನ ಈ ನಿಬಂಧನೆ ಆನಂದಪುರದಲ್ಲಿ ದಿನನಿತ್ಯದ ಬದುಕಾಯಿತು. ಸಾರಸ್ವತ ಬ್ರಾಹ್ಮಣರಾಗಿ ಹುಟ್ಟಿದ ಪಾದ್ರಿಯೂ ಜೀತದಿಂದ ಬಂದ ಕೂಲಿಯೂ ಒಂದೇ ಸಭೆಯವರು, ಒಂದೇ ಭೋಜನಕ್ಕೆ ಬಾಧ್ಯರು. ಆದರೂ ತೋಟದ ಒಡೆತನ ಒಂದೆಡೆ, ದುಡಿಮೆ ಮತ್ತೊಂದೆಡೆ ಇದ್ದ ವ್ಯವಸ್ಥೆಯಲ್ಲಿ ಈ ಸಮಾನತೆ ಪೂರ್ಣವಾಗಿತ್ತೆಂದು ಹೇಳಲಾಗದು. ಒಡೆಯನ ಗದ್ದೆಯನ್ನು ಬಿಟ್ಟು ಬಂದವನಿಗೆ ಮಿಶನ್ನಿನ ತೋಟವೇ ಆಸರೆಯಾದಾಗ ಅವಲಂಬನೆಯ ರೂಪ ಬದಲಾಯಿತೇ ಹೊರತು ಅವಲಂಬನೆ ಅಳಿಯಲಿಲ್ಲ.

ಪತ್ನಿಯ ಅನಾರೋಗ್ಯದ ನಿಮಿತ್ತ ಮೊಗ್ಲಿಂಗ್ 1860ರಲ್ಲಿ ಸ್ವದೇಶಕ್ಕೆ ಮರಳಿ 1881ರಲ್ಲಿ ನಿಧನರಾದರು. ಕೌಂಡಿನ್ಯರು ಗುರುವಿನ ನಂತರವೂ ಮೂರು ದಶಕಗಳಷ್ಟು ಕಾಲ ಮಂಗಳೂರು-ಕೊಡಗುಗಳ ಸಭೆಗಳ ಸೇವೆಯಲ್ಲಿದ್ದು 1893ರಲ್ಲಿ ತೀರಿಕೊಂಡರು. ಮೈಸೂರು ನಗರದ ಪ್ರಾಟೆಸ್ಟೆಂಟ್ ಸಭೆಯು ವೆಸ್ಲಿಯನ್ ಮಿಶನ್ನಿನ ಬೇರಿನಿಂದ ಬೆಳೆದುದು. ಕರಾವಳಿ ಮತ್ತು ಕೊಡಗಿನದು ಬಾಸೆಲಿನ ಬೇರಿನಿಂದ. 1947ರಲ್ಲಿ ದಕ್ಷಿಣ ಭಾರತ ಸಭೆಯ ಐಕ್ಯತೆಯ ಬಳಿಕ ಈ ಎರಡು ಧಾರೆಗಳು ಕೂಡಿದವು. ಮೈಸೂರಿನ ವೆಸ್ಲಿ ಮಹಾದೇವಾಲಯವೂ ಬಲ್ಮಠವನ್ನು ಕೇಂದ್ರವಾಗಿಸಿಕೊಂಡ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೇ ಸೇರಿದೆ. ಕೌಂಡಿನ್ಯರು ಕಲಿಸಿದ ಸೆಮಿನರಿಯ ಪರಂಪರೆ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮುಂದುವರಿದಿದೆ.

ದೀಕ್ಷಾಸ್ನಾನ ಒಂದು ದಿನದ ಕಾರ್ಯ. ಸಭೆಯವನಾಗುವುದು ಜೀವಮಾನದ ಕಾರ್ಯ. 1844ರಲ್ಲಿ ಕೌಂಡಿನ್ಯರನ್ನು ಸಭೆ ಸ್ವೀಕರಿಸಿತು. ಆನಂದಪುರದಲ್ಲಿ ಸ್ವೀಕರಿಸುವವರ ಸ್ಥಾನದಲ್ಲಿ ಅವರೇ ನಿಂತರು. ತಾವು ಹುಟ್ಟಿದ ಮನೆಯ ಅಂಗಳಕ್ಕೂ ಪ್ರವೇಶವಿಲ್ಲದಿದ್ದವರನ್ನು ತಮ್ಮ ಸಭೆಯವರೆಂದು ಕರೆದರು. ಅವರ ಸದಸ್ಯತ್ವದ ಅರ್ಥ ಅಲ್ಲಿ ಸ್ಥಿರಗೊಂಡಿತು. ಅದಕ್ಕೆ ತೆತ್ತ ಬೆಲೆಯ ಒಂದು ಭಾಗ, ಮಂಗಳೂರಿನ ಮನೆಯೊಳಗೆ ಉಳಿದುಹೋದ ಬಾಲಪತ್ನಿಯದು.