ಬಂದಿನಿಯರ ಬಾಳಿಗೆ ಭರವಸೆಯಾದ ಎಲಿಜಬೆತ್ ಫ್ರೈ

ಅಪರಾಧಕ್ಕೆ ದಂಡನೆ ವಿಧಿಸುವುದು ರಾಜ್ಯದ ಕರ್ತವ್ಯ. ದಂಡನೆಗೊಳಗಾದ ಜೀವಿಯು ಬದುಕುವ ಆಸೆಯನ್ನೇ ಕಳೆದುಕೊಳ್ಳದಂತೆ ಕಾಯುವುದು ಸಮಾಜದ ಕರ್ತವ್ಯ. ಈ ಸತ್ಯವನ್ನು ತಮ್ಮ ಸೇವೆಯಿಂದ ಲೋಕಕ್ಕೆ ತಿಳಿಸಿಕೊಟ್ಟ ಮಹಿಳಾರತ್ನ ಇಂಗ್ಲೆಂಡಿನ ಎಲಿಜಬೆತ್ ಫ್ರೈ.

1780ರ ಮೇ 21ರಂದು ನಾರ್ವಿಚ್ ನಗರದ ಗರ್ನಿ ಮನೆತನದಲ್ಲಿ ಜನಿಸಿದ ಅವರು, ಸರಳ ಜೀವನಕ್ಕೂ ಮೌನಪ್ರಾರ್ಥನೆಗೂ ಹೆಸರಾದ ಕ್ವೇಕರ್ ಪಂಥಕ್ಕೆ ಸೇರಿದವರು. ಹನ್ನೆರಡರ ಎಳೆವಯಸ್ಸಿನಲ್ಲಿಯೇ ಮಾತೃವಿಯೋಗವಾಯಿತು. ಭಯವೂ ಖಿನ್ನತೆಯೂ ಬಾಲ್ಯದಿಂದಲೇ ಅವರನ್ನು ಕಾಡುತ್ತಿದ್ದುದು ಅವರ ದಿನಚರಿಗಳಿಂದ ತಿಳಿದುಬರುತ್ತದೆ. 1800ರಲ್ಲಿ ಜೋಸೆಫ್ ಫ್ರೈ ಅವರನ್ನು ವಿವಾಹವಾಗಿ ಲಂಡನ್ನಿನಲ್ಲಿ ನೆಲೆಸಿ, ಹನ್ನೊಂದು ಮಕ್ಕಳ ತಾಯಿಯಾದರು.

1813ರಲ್ಲಿ ಲಂಡನ್ನಿನ ನ್ಯೂಗೇಟ್ ಕಾರಾಗೃಹವನ್ನು ಪ್ರವೇಶಿಸಿದಾಗ ಅವರಿಗೆ ಕಂಡದ್ದು ಹೃದಯವಿದ್ರಾವಕ ದೃಶ್ಯ. ಇಕ್ಕಟ್ಟಾದ ಕೋಣೆಗಳಲ್ಲಿ ಸುಮಾರು 300 ಮಂದಿ ಸ್ತ್ರೀಯರು ತಮ್ಮ ಮಕ್ಕಳೊಡನೆ ಹಾಸಿಗೆಯಿಲ್ಲದೆ ನೆಲದ ಮೇಲೆ ಮಲಗುತ್ತಿದ್ದರು. ವಿಚಾರಣೆಯನ್ನು ಕಾಯುತ್ತಿದ್ದವರೂ ಮರಣದಂಡನೆಗೆ ಗುರಿಯಾದವರೂ ಒಂದೆಡೆಯೇ ಇದ್ದರು. ಮಾಡಲು ಕೆಲಸವಿಲ್ಲ, ಎದುರು ನೋಡಲು ನಾಳೆಯೆಂಬುದಿಲ್ಲ.

1816ರ ಕೊನೆಯಲ್ಲಿ ಮರಳಿ ಬಂದ ಫ್ರೈಯವರು ಮೊದಲು ಮಕ್ಕಳಿಗಾಗಿ ಶಾಲೆ ತೆರೆದರು; ಬಂದಿನಿಯರಲ್ಲಿಯೇ ಒಬ್ಬಾಕೆ ಅದರ ಉಪಾಧ್ಯಾಯಿನಿಯಾದಳು. 1817ರಲ್ಲಿ ಸಹಾಯಕ ಸಂಘವೊಂದನ್ನು ಕಟ್ಟಿ ಹೊಲಿಗೆ, ಹೆಣಿಗೆಗಳನ್ನು ಕಲಿಸಿದರು. ಪ್ರತಿಯೊಂದು ನಿಯಮವನ್ನೂ ಬಂದಿನಿಯರ ಮುಂದಿಟ್ಟು, ಅವರು ಕೈಯೆತ್ತಿ ಒಪ್ಪಿದ ಮೇಲೆಯೇ ಜಾರಿಗೆ ತಂದರು. ಎಲ್ಲರಿಂದಲೂ ತಿರಸ್ಕೃತರಾದವರಿಗೆ ತಮ್ಮ ಮಾತಿಗೂ ಬೆಲೆಯಿದೆಯೆಂಬ ಅರಿವೇ ಪರಮೌಷಧವಾಯಿತು.

ಸೋಲೂ ಅವರಿಗೆ ತಪ್ಪಲಿಲ್ಲ. ಖೋಟಾ ನೋಟು ಚಲಾಯಿಸಿದ ಹ್ಯಾರಿಯೆಟ್ ಸ್ಕೆಲ್ಟನ್ ಎಂಬಾಕೆಯ ಪ್ರಾಣವುಳಿಸಲು ಗೃಹಮಂತ್ರಿಯವರೆಗೂ ಹೋಗಿ ಮೊರೆಯಿಟ್ಟರು, ಫಲಿಸಲಿಲ್ಲ. 1818ರಲ್ಲಿ ಆಕೆಯನ್ನು ಗಲ್ಲಿಗೇರಿಸಲಾಯಿತು. ಅದೇ ವರ್ಷ ಫ್ರೈಯವರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಸ್ತ್ರೀಕೈದಿಗಳಿಗೆ ಸ್ತ್ರೀಯರೇ ಕಾವಲಿರಬೇಕೆಂಬ ಅವರ ಆಗ್ರಹಕ್ಕೆ 1823ರ ಕಾನೂನಿನಲ್ಲಿ ಮನ್ನಣೆ ದೊರೆಯಿತು. 1828ರಲ್ಲಿ ಪತಿಯ ಬ್ಯಾಂಕು ದಿವಾಳಿಯಾಗಿ ಅಪವಾದ ಬಂದಾಗಲೂ ಅವರು ಈ ಸೇವೆಯನ್ನು ತೊರೆಯಲಿಲ್ಲ.

ಕೈದಿಗಳನ್ನು ಏಕಾಂತದಲ್ಲಿ ಕೂಡಿಹಾಕುವ ಪದ್ಧತಿ ಹರಡತೊಡಗಿದಾಗ, ಅದು ಮನಸ್ಸನ್ನೇ ಮುರಿಯುವುದೆಂದು ಅವರು ವಿರೋಧಿಸಿದರು. 1842ರಲ್ಲಿ ಆ ಪದ್ಧತಿಯಂತೆ ಆರಂಭವಾದ ಪೆಂಟನ್‌ವಿಲ್ ಕಾರಾಗೃಹದಲ್ಲಿ ಬುದ್ಧಿಭ್ರಮಣೆಯ ಪ್ರಕರಣಗಳು ಕಾಣಿಸಿಕೊಂಡು ಅವರ ಆತಂಕ ನಿಜವಾಯಿತು.

1845ರ ಅಕ್ಟೋಬರ್ 12ರಂದು ಫ್ರೈಯವರು ರಾಮ್ಸ್‌ಗೇಟಿನಲ್ಲಿ ದೇಹವಿಟ್ಟರು. ಕೈಗೆ ಕೆಲಸ, ಮನಕ್ಕೆ ವಿದ್ಯೆ, ಬಳಿಯಲ್ಲಿ ಕುಳಿತು ಆಲಿಸುವ ಒಂದು ಜೀವ: ಹತಾಶನಾದ ಮಾನವನನ್ನು ಬದುಕಿನತ್ತ ಮರಳಿಸಲು ಅವರು ಕಂಡುಕೊಂಡ ಸಾಧನಗಳಿವು. ವಿದ್ಯಾದಾನದಲ್ಲಿ ನಿರತರಾದವರೆಲ್ಲರೂ ನೆನೆಯಬೇಕಾದ ಬಾಳು ಅವರದು.