ಅನಿಲಗಳಿಗೆ ಹೆಸರಿಟ್ಟ ಹಾಫ್‌ಮನ್

ಹೋಟೆಲುಗಳ ಅಡಿಗೆಮನೆಗಳಲ್ಲಿ ದುಡಿಯುವ ನಮ್ಮವರಿಗೆ ಗ್ಯಾಸಿನ ಸಿಲಿಂಡರು ಹೊಸ ವಸ್ತುವೇನೂ ಅಲ್ಲ. ಬೆಳಗಿನ ಜಾವಕ್ಕೆದ್ದು ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುವಾತನಿಗೆ ಅದರೊಳಗಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳೆಂದು ತಿಳಿದಿರಲೇಬೇಕೆಂದಿಲ್ಲ. ಆದರೆ ದಿನವೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಓದುವ ತರುಣರು ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದೊಡನೆ ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್ ಎಂದು ಸಾಲುಗಟ್ಟಿ ನಿಂತ ಹೆಸರುಗಳನ್ನು ಕಂಡು ದಿಗಿಲುಗೊಳ್ಳುವುದುಂಟು. ಈ ಸಾಲನ್ನು ಮೊದಲು ಕ್ರಮಪಡಿಸಿದ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ನನ ಜೀವನವನ್ನು ಅರಿತರೆ ಆ ದಿಗಿಲು ಕೊಂಚ ಕಡಿಮೆಯಾದೀತು.

ಹಾಫ್‌ಮನ್ನನು ಜರ್ಮನಿಯ ಗೀಸೆನ್ ಎಂಬ ಊರಿನಲ್ಲಿ 1818ನೆಯ ಏಪ್ರಿಲ್ 8ರಂದು ಜನಿಸಿದನು. ತಂದೆ ಕಟ್ಟಡಗಳ ಶಿಲ್ಪಿ. ಮಗನು ಮೊದಲು ವ್ಯಾಸಂಗಕ್ಕೆ ಆರಿಸಿಕೊಂಡದ್ದು ರಸಾಯನಶಾಸ್ತ್ರವನ್ನಲ್ಲ, ನ್ಯಾಯಶಾಸ್ತ್ರವನ್ನೂ ಭಾಷೆಗಳನ್ನೂ. ಮುಂದೆ ಪದಾರ್ಥಗಳ ಹೆಸರುಗಳನ್ನು ಕುರಿತು ಆತನು ಅಷ್ಟೊಂದು ಚಿಂತಿಸಿದುದಕ್ಕೆ ಈ ಭಾಷಾವ್ಯಾಸಂಗವೂ ಒಂದು ಕಾರಣವಾಗಿರಬಹುದೆಂದು ಈ ಲೇಖಕನ ಊಹೆ. ಆ ಕಾಲದಲ್ಲಿ ಗೀಸೆನ್ನಿನಲ್ಲಿ ಲೀಬಿಗ್ ಎಂಬ ಮಹಾ ರಸಾಯನಜ್ಞನಿದ್ದನು. ಅವನ ಪ್ರಯೋಗಶಾಲೆಯನ್ನು ವಿಸ್ತರಿಸುವ ಕೆಲಸ ಹಾಫ್‌ಮನ್ನನ ತಂದೆಯ ಪಾಲಿಗೆ ಬಂದಿತು. ತಂದೆ ಗೋಡೆ ಕಟ್ಟಿಸುತ್ತಿದ್ದ ಆ ಶಾಲೆಯೊಳಕ್ಕೆ ಮಗನು ಶಿಷ್ಯನಾಗಿ ಪ್ರವೇಶಿಸಿದನು, 1841ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದನು.

ಆತನ ಕೈಗೆ ಮೊದಲು ಬಂದ ಪದಾರ್ಥ ಡಾಂಬರು. ಯೂರೋಪಿನ ನಗರಗಳಲ್ಲಿ ಬೀದಿಯ ದೀಪಗಳಿಗಾಗಿ ಕಲ್ಲಿದ್ದಲನ್ನು ಕಾಸಿ ಅನಿಲವನ್ನು ತೆಗೆಯುತ್ತಿದ್ದರು. ಅನಿಲ ಹೋದ ಮೇಲೆ ಉಳಿಯುತ್ತಿದ್ದ ಕಪ್ಪು ಅಂಟು ಯಾರಿಗೂ ಬೇಡವಾದ ಕಸವಾಗಿತ್ತು. ಆ ಕಸದಿಂದ ಹಾಫ್‌ಮನ್ನನು ಒಂದು ಎಣ್ಣೆಯಂಥ ದ್ರವವನ್ನು ಬೇರ್ಪಡಿಸಿ ಪರೀಕ್ಷಿಸಿದನು. ಅದಕ್ಕೆ ಹಿಂದೆ ಅನೇಕರು ಹೆಸರಿಟ್ಟಿದ್ದರು. ನೀಲಿಯನ್ನು ಬಟ್ಟಿಯಿಳಿಸಿ ಪಡೆದವನೊಬ್ಬ ಅದನ್ನು ಕ್ರಿಸ್ಟಲಿನ್ ಎಂದಿದ್ದ. ಡಾಂಬರಿನಲ್ಲಿ ಕಂಡ ರುಂಗೆ ಕಯನಾಲ್ ಎಂದಿದ್ದ. ನೀಲಿಯಿಂದಲೇ ಮತ್ತೆ ಪಡೆದ ಫ್ರಿಟ್ಷೆ ಅನಿಲೀನ್ ಎಂದಿದ್ದ. ರಷ್ಯದ ಜೀನಿನ್ ಬೆನ್ಜಿಡಾಮ್ ಎಂದಿದ್ದ. ನಾಲ್ವರೂ ತಮ್ಮದು ಹೊಸ ಪದಾರ್ಥವೆಂದೇ ನಂಬಿದ್ದರು. ಅವೆಲ್ಲವೂ ಒಂದೇ ಎಂದು 1843ರಲ್ಲಿ ಹಾಫ್‌ಮನ್ನನು ತೋರಿಸಿಕೊಟ್ಟನು. ಒಬ್ಬನೇ ಗಿರಾಕಿಗೆ ನಾಲ್ಕು ಹೆಸರುಗಳಲ್ಲಿ ನಾಲ್ಕು ಖಾತೆಗಳಿದ್ದರೆ ಗುಮಾಸ್ತನ ಪಾಡೇನಾದೀತೆಂಬುದನ್ನು ಲೆಕ್ಕ ಬರೆಯುವ ವಾಚಕರಿಗೆ ವಿವರಿಸಬೇಕಾಗಿಲ್ಲ. ಕೊನೆಗೆ ಉಳಿದ ಅನಿಲೀನ್ ಎಂಬ ಹೆಸರಿನ ಬೇರು ನಮ್ಮ ದೇಶದ್ದು. ಸಂಸ್ಕೃತದ ನೀಲ ಶಬ್ದವೇ ಅರಬರ ಬಾಯಲ್ಲಿಯೂ ಪೋರ್ತುಗೀಜರ ಬಾಯಲ್ಲಿಯೂ ಹಾದು ಜರ್ಮನಿಯನ್ನು ಸೇರಿತ್ತು.

1845ರಲ್ಲಿ ಹಾಫ್‌ಮನ್ನನು ಬಾನ್ ನಗರದಲ್ಲಿ ಉಪಾಧ್ಯಾಯನಾಗಿದ್ದಾಗ ಒಂದು ವಿನೋದದ ಘಟನೆ ನಡೆಯಿತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಅವಳ ಪತಿ ಆಲ್ಬರ್ಟನೂ ಆ ಊರಿಗೆ ಬಂದಿದ್ದರು. ತಾನು ವಿದ್ಯಾರ್ಥಿಯಾಗಿದ್ದಾಗ ವಾಸಿಸಿದ ಮನೆಯನ್ನು ರಾಣಿಗೆ ತೋರಿಸಬೇಕೆಂದು ಆಲ್ಬರ್ಟನು ಹೋದರೆ, ಅಲ್ಲಿ ಗಾಜಿನ ಕೊಳವೆಗಳ ನಡುವೆ ಹಾಫ್‌ಮನ್ನನಿದ್ದನು. ಲಂಡನಿನಲ್ಲಿ ಹೊಸದಾಗಿ ತೆರೆಯಲಿದ್ದ ರಸಾಯನಶಾಸ್ತ್ರದ ಕಾಲೇಜಿಗೆ ಅದೇ ವರ್ಷ ಆತನು ಮುಖ್ಯಸ್ಥನಾದನು. ಆಗ ಆತನಿಗೆ ಇಪ್ಪತ್ತೇಳು ವರ್ಷ. ಪರದೇಶ, ಪರಭಾಷೆ, ಕೈಯಲ್ಲಿ ಹಣವಿಲ್ಲದ ಸಂಸ್ಥೆ. ಇಂಥ ಸ್ಥಿತಿಯಲ್ಲಿ ಆತನು ಅಲ್ಲಿ ಇಪ್ಪತ್ತು ವರ್ಷ ಕಳೆದನು.

ಕೈಚಳಕದಲ್ಲಿ ಹಾಫ್‌ಮನ್ನನು ಅಷ್ಟು ನಿಪುಣನಾಗಿರಲಿಲ್ಲ. ಆದರೆ ಶಿಷ್ಯರ ಕೈಗಳಿಂದ ಕೆಲಸ ತೆಗೆಯುವುದರಲ್ಲಿ ಆತನಿಗೆ ಸಮಾನರು ವಿರಳ. ಆ ಶಿಷ್ಯರಲ್ಲಿ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡನ ಕಥೆ ಕರುಣಾಜನಕವಾದುದು. ಬೆನ್ಜೀನ್ ಎಂಬ ದ್ರವವನ್ನು 1825ರಲ್ಲಿಯೇ ಫ್ಯಾರಡೆ ಕಂಡುಹಿಡಿದಿದ್ದನು. ಅದನ್ನು ಡಾಂಬರಿನಿಂದ ಹೇರಳವಾಗಿ ಬಟ್ಟಿಯಿಳಿಸುವ ವಿಧಾನವನ್ನು ಮ್ಯಾನ್ಸ್‌ಫೀಲ್ಡನು ಸಾಧಿಸಿದನು. 1855ರ ಫೆಬ್ರವರಿಯಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನಕ್ಕಾಗಿ ಅದನ್ನೇ ಸಿದ್ಧಪಡಿಸುತ್ತಿದ್ದಾಗ ಬಟ್ಟಿಯ ಪಾತ್ರೆ ಉಕ್ಕಿ ಉರಿ ಹತ್ತಿತು. ಮನೆ ಸುಟ್ಟುಹೋದೀತೆಂದು ಉರಿಯುವ ಪಾತ್ರೆಯನ್ನೇ ಎತ್ತಿ ಬೀದಿಗೆ ಒಯ್ಯಲು ಯತ್ನಿಸಿದ ಆತನು ಒಂಬತ್ತು ದಿನ ನರಳಿ ಪ್ರಾಣಬಿಟ್ಟನು. ಹಾಫ್‌ಮನ್ನನ ಗೃಹಜೀವನದಲ್ಲಿಯೂ ಆ ದಶಕ ಕಹಿಯಾಗಿತ್ತು. ಮೊದಲ ಹೆಂಡತಿ 1852ರಲ್ಲಿ ತೀರಿಕೊಂಡಳು, ಎರಡನೆಯವಳು 1860ರಲ್ಲಿ.

ಮತ್ತೊಬ್ಬ ಶಿಷ್ಯನ ಕಥೆ ಲೋಕಪ್ರಸಿದ್ಧವಾಗಿದೆ. ನಮ್ಮ ಮಲೆನಾಡಿನ ಚಳಿಜ್ವರಕ್ಕೂ ಮದ್ದಾಗಿದ್ದ ಕ್ವಿನೈನನ್ನು ಮರದ ತೊಗಟೆಯ ನೆರವಿಲ್ಲದೆ ತಯಾರಿಸಬಹುದೆಂಬ ಆಸೆಯನ್ನು ಹಾಫ್‌ಮನ್ನನು 1849ರಲ್ಲಿ ವ್ಯಕ್ತಪಡಿಸಿದ್ದನು. 1856ರ ಈಸ್ಟರ್ ರಜೆಯಲ್ಲಿ ಹದಿನೆಂಟು ವರ್ಷದ ಪರ್ಕಿನ್ ಎಂಬ ಹುಡುಗನು ಮನೆಯಲ್ಲಿಯೇ ಆ ಪ್ರಯತ್ನಕ್ಕೆ ಕೈಹಾಕಿದನು. ಕ್ವಿನೈನ್ ಬರಲಿಲ್ಲ. ಅನಿಲೀನಿನಿಂದ ಬಂದ ಕಪ್ಪು ಕೆಸರಿನಲ್ಲಿ ರೇಷ್ಮೆಗೆ ಹತ್ತುವ ನೇರಿಳೆ ಬಣ್ಣವಿತ್ತು. ಪರ್ಕಿನ್ ಕಾಲೇಜು ಬಿಟ್ಟು ಕಾರ್ಖಾನೆ ತೆರೆಯಹೊರಟದ್ದು ಗುರುವಿಗೆ ರುಚಿಸಲಿಲ್ಲ. ಆದರೆ ಏಳು ವರ್ಷ ಕಳೆಯುವುದರೊಳಗೆ ಗುರುವೇ ತನ್ನ ಹೆಸರಿನ ನೇರಿಳೆ ಬಣ್ಣಗಳನ್ನು ಮಾರುಕಟ್ಟೆಗೆ ತಂದನು! ಈ ಬಣ್ಣಗಳ ವಿದ್ಯೆ ಬೆಳೆದು 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಇಳಿದಾಗ ಭಾರತದ ನೀಲಿಯ ಬೆಳೆಗೆ ಬಿದ್ದ ಪೆಟ್ಟು ದೊಡ್ಡದು.

ಈಗ ಹೆಸರುಗಳ ವಿಷಯಕ್ಕೆ ಬರೋಣ. 1865ನೆಯ ಏಪ್ರಿಲ್ 7ರ ಶುಕ್ರವಾರ ಸಂಜೆ, ಎಂದರೆ ನಲವತ್ತೇಳು ತುಂಬುವ ಹಿಂದಿನ ದಿನ, ಹಾಫ್‌ಮನ್ನನು ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನಿನಲ್ಲಿ ಉಪನ್ಯಾಸಮಾಡಿದನು. ಆಗ ಇಂಗ್ಲೆಂಡಿನವರು ಹುಲ್ಲಿನಂಗಳದಲ್ಲಿ ಮರದ ಚೆಂಡುಗಳನ್ನು ಸುತ್ತಿಗೆಯಿಂದ ಹೊಡೆಯುವ ಕ್ರೋಕೆ ಎಂಬ ಆಟದಲ್ಲಿ ಮುಳುಗಿದ್ದರು. ಹಾಫ್‌ಮನ್ನನು ಆ ಚೆಂಡುಗಳಿಗೇ ಬಣ್ಣ ಹಚ್ಚಿ, ತೂತು ಕೊರೆದು, ಕಡ್ಡಿಗಳಿಂದ ಜೋಡಿಸಿ ಪರಮಾಣುಗಳೆಂದು ಸಭೆಗೆ ತೋರಿಸಿದನು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳುಪು, ಆಮ್ಲಜನಕಕ್ಕೆ ಕೆಂಪು. ಇಂದಿಗೂ ಶಾಲೆಗಳ ಮಾದರಿಗಳಲ್ಲಿ ಈ ಬಣ್ಣಗಳೇ ನಡೆದುಬಂದಿವೆ. ಕಪ್ಪು ಚೆಂಡಿಗೆ ನಾಲ್ಕು ಕೈಗಳು, ಬಿಳಿಯದಕ್ಕೆ ಒಂದೇ ಕೈ. ಒಂದು ಇಂಗಾಲದ ನಾಲ್ಕು ಕೈಗಳನ್ನೂ ನಾಲ್ಕು ಜಲಜನಕಗಳು ಹಿಡಿದರೆ ಅದು ಜೌಗುನೆಲದಿಂದೇಳುವ, ಗಣಿಗಳಲ್ಲಿ ಸಿಡಿದು ಜನರನ್ನು ಕೊಲ್ಲುವ ಅನಿಲ. ಎರಡು ಇಂಗಾಲಗಳು ಪರಸ್ಪರ ಕೈಹಿಡಿದರೆ ಉಳಿದ ಆರು ಕೈಗಳಿಗೆ ಆರು ಜಲಜನಕಗಳು, ಮೂರಾದರೆ ಎಂಟು, ನಾಲ್ಕಾದರೆ ಹತ್ತು. ಇಂಗಾಲಗಳ ಸಂಖ್ಯೆಯನ್ನು ಇಮ್ಮಡಿಸಿ ಎರಡನ್ನು ಕೂಡಿಸಿದರೆ ಜಲಜನಕಗಳ ಲೆಕ್ಕ ಸರಿಹೋಗುತ್ತದೆ. ಆತನ ಮಾದರಿಗಳು ರೊಟ್ಟಿಯಂತೆ ಚಪ್ಪಟೆಯಾಗಿದ್ದವು. ಇಂಗಾಲದ ಕೈಗಳು ನಾಲ್ಕು ದಿಕ್ಕಿಗೆ ಘನಾಕಾರದಲ್ಲಿ ಚಾಚಿವೆಯೆಂಬುದು ಸ್ಥಾಪಿತವಾದದ್ದು 1874ರ ಅನಂತರ.

ಲೆಕ್ಕ ಇಷ್ಟು ಸುಲಭವಾಗಿದ್ದರೂ ಹೆಸರುಗಳು ಗೋಜಲಾಗಿದ್ದವು. ಜೌಗಿನ ಅನಿಲಕ್ಕೆ ಊರೂರಿಗೆ ಒಂದು ಹೆಸರು. ಬೆನ್ಜೀನಿಗೆ ಫ್ಯಾರಡೆ ಇಟ್ಟದ್ದೊಂದು, ಮಿಟ್ಷೆರ್ಲಿಖ್ ಇಟ್ಟದ್ದೊಂದು, ಲೀಬಿಗ್ ತಿದ್ದಿದ್ದೊಂದು. ಮಿಟ್ಷೆರ್ಲಿಖ್ ತೀರಿಕೊಂಡು ತೆರವಾಗಿದ್ದ ಬರ್ಲಿನ್ನಿನ ಪೀಠಕ್ಕೆ ಹಾಫ್‌ಮನ್ನನು 1865ರಲ್ಲಿ ಹೋದನು. ಮರುವರ್ಷ ಲಂಡನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಬೇರೆ ವಿಷಯದ ಪ್ರಬಂಧವೊಂದರ ನಡುವೆ, ತನ್ನ ಸಲಹೆಯನ್ನು ಮುಂದಿಟ್ಟನು. ನಮ್ಮ ಮಕ್ಕಳು ಕಾಗುಣಿತವನ್ನು ಕಲಿಯುವಾಗ ವ್ಯಂಜನವೊಂದನ್ನು ಹಿಡಿದು ಸ್ವರಗಳನ್ನು ಬದಲಿಸುತ್ತಾರಷ್ಟೆ, ಇದೂ ಹಾಗೆಯೇ. ಹೆಸರಿನ ಮೊದಲ ಭಾಗ ಇಂಗಾಲಗಳೆಷ್ಟೆಂಬುದನ್ನು ಹೇಳಬೇಕು. ಕೊನೆಯ ಭಾಗದಲ್ಲಿ ಇಂಗ್ಲಿಷಿನ ಐದು ಸ್ವರಾಕ್ಷರಗಳು ಕ್ರಮವಾಗಿ ಬರಬೇಕು. ಜಲಜನಕ ತುಂಬಿದ್ದರೆ ಈಥೇನ್. ಎರಡು ಕಡಿಮೆಯಾದರೆ ಈಥೀನ್. ಇನ್ನೆರಡು ಕಡಿಮೆಯಾದರೆ ಈಥೈನ್. ಬಾಳೆಯ ಹಣ್ಣನ್ನು ಮಾಗಿಸುವುದು ಆ ಈಥೀನ್. ಲೋಹಗಳನ್ನು ಬೆಸೆಯುವಾಗ ಅಸಿಟಲೀನ್ ಎಂಬ ಹೆಸರಿನಿಂದ ಉರಿಯುವುದು ಈ ಈಥೈನ್. ಸ್ವರಗಳನ್ನು ಬದಲಿಸಿ ಹೆಸರಿಡುವ ಯೋಚನೆ ಹಾಫ್‌ಮನ್ನನಿಗಿಂತ ಮೊದಲು ಫ್ರಾನ್ಸಿನ ಲೊರಾಂ ಎಂಬವನಿಗೆ ಹೊಳೆದಿತ್ತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಮೊದಲ ಭಾಗಗಳಿಗೆ ಬಳಕೆಯಲ್ಲಿದ್ದ ಹಳೆಯ ಶಬ್ದಗಳನ್ನೇ ಆತನು ಉಳಿಸಿಕೊಂಡನು. ಮೀಥ್ ಎಂಬುದರ ಮೂಲದಲ್ಲಿ ಗ್ರೀಕರ ಮದ್ಯವಿದೆ. ಈಥ್ ಎಂಬುದು ಈಥರಿನಿಂದ ಬಂದದ್ದು. ಪ್ರೊಪ್ ಎಂದರೆ ಮೊದಲ ಕೊಬ್ಬು ಎಂಬರ್ಥದ ಆಮ್ಲವೊಂದರ ಹೆಸರಿನ ತುಂಡು. ನಾಲ್ಕು ಇಂಗಾಲದ್ದಕ್ಕೆ ಮಾತ್ರ ಲ್ಯಾಟಿನ್ನಿನ ಎಣಿಕೆಯನ್ನು ಹಿಡಿದು ಕ್ವಾರ್ಟೇನ್ ಎಂದನು, ಐದರದ್ದು ಕ್ವಿಂಟೇನ್. ಹೀಗೆ ಮುಂದಕ್ಕೂ ಎಣಿಸಿಕೊಂಡು ಹೋಗಬಹುದಾಗಿತ್ತು.

ಬರ್ಲಿನ್ನಿನಲ್ಲಿ ಆತನಿಗೆ ಇನ್ನೂ ಇಪ್ಪತ್ತೇಳು ವರ್ಷಗಳ ಆಯುಸ್ಸು ದೊರೆಯಿತು. 1867ರಲ್ಲಿ ಜರ್ಮನಿಯ ರಸಾಯನಶಾಸ್ತ್ರ ಸಂಘವನ್ನು ಸ್ಥಾಪಿಸಿದನು; ಅದೇ ವರ್ಷ ಮದ್ಯಸಾರದ ಜಾತಿಯ ಮೆಥನಾಲಿನ ಆವಿಯನ್ನು ಕಾದ ಪ್ಲಾಟಿನಮ್ಮಿನ ಮೇಲೆ ಹಾಯಿಸಿ ಫಾರ್ಮಾಲ್ಡಿಹೈಡನ್ನು ಪಡೆದನು. ಮೂರನೆಯ ಹೆಂಡತಿಯೂ 1871ರಲ್ಲಿ ತೀರಿಕೊಂಡಳು. 1873ರಲ್ಲಿ ನಾಲ್ಕನೆಯ ವಿವಾಹವಾಯಿತು. ವಧುವಿನ ಅಣ್ಣತಮ್ಮಂದಿರಲ್ಲೊಬ್ಬನಾದ ಟೀಮನ್ನನು ಹಾಫ್‌ಮನ್ನನ ಶಿಷ್ಯ. ಐಸ್‌ಕ್ರೀಮಿಗೆ ಪರಿಮಳ ಕೊಡುವ ವೆನಿಲಿನ್ನನ್ನು 1874ರಲ್ಲಿ ಕೃತಕವಾಗಿ ತಯಾರಿಸಿದವರಲ್ಲಿ ಇವನೊಬ್ಬನು. ಅಗಲಿದ ಗೆಳೆಯರ ಜೀವನಚರಿತ್ರೆಗಳನ್ನು ಬರೆಯುವುದು ಹಾಫ್‌ಮನ್ನನಿಗೆ ಪ್ರಿಯವಾದ ಕೆಲಸವಾಗಿತ್ತು. ಅವು 1888ರಲ್ಲಿ ಮೂರು ಸಂಪುಟಗಳಾಗಿ ಹೊರಬಂದವು. ಅದೇ ವರ್ಷ, ಆತನ ಎಪ್ಪತ್ತನೆಯ ಹುಟ್ಟುಹಬ್ಬದ ಕಾಲಕ್ಕೆ, ಕುಲೀನ ಪದವಿಯೂ ಬಂದಿತು.

1892ರ ಏಪ್ರಿಲ್ 19ರಿಂದ 22ರವರೆಗೆ ಒಂಬತ್ತು ದೇಶಗಳ ಮೂವತ್ತನಾಲ್ಕು ರಸಾಯನಜ್ಞರು ಜಿನೀವಾದಲ್ಲಿ ಸೇರಿ ಹೆಸರುಗಳ ಗೋಜಲನ್ನು ಬಿಡಿಸಲು ಕುಳಿತರು. ಹಾಫ್‌ಮನ್ನನ ಸ್ವರಗಳಲ್ಲಿ ಮೊದಲ ಮೂರನ್ನು ಅವರು ಒಪ್ಪಿಕೊಂಡರು, ಉಳಿದೆರಡು ಬಿದ್ದುಹೋದವು. ಇಂಗಾಲದ ಸರಪಳಿ ಕವಲೊಡೆದಿದ್ದರೆ ಅತ್ಯಂತ ಉದ್ದವಾದ ಸಾಲನ್ನು ಮನೆತನವೆಂದು ಹಿಡಿದು, ಕವಲನ್ನು ಹೆಸರಿನ ಮುಂದೆ ಸೇರಿಸಬೇಕೆಂದು ಗೊತ್ತುಮಾಡಿದರು. ನಮ್ಮವರು ಹೆಸರಿನ ಮುಂದೆ ಊರಿನ ಅಕ್ಷರವನ್ನೂ ತಂದೆಯ ಅಕ್ಷರವನ್ನೂ ಬರೆದುಕೊಳ್ಳುವ ಹಾಗೆ. ನಾಲ್ಕು ಇಂಗಾಲಗಳು ಸಾಲಾಗಿ ನಿಂತರೆ ಬ್ಯೂಟೇನ್. ಮೂರು ಸಾಲಾಗಿ ನಿಂತು ನಾಲ್ಕನೆಯದು ನಡುವಿನದಕ್ಕೆ ಅಂಟಿಕೊಂಡರೆ ಮೀಥೈಲ್ ಪ್ರೊಪೇನ್. ಅಡಿಗೆಯ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಈ ಎರಡೂ ಇರುತ್ತವೆ. ಐದರಿಂದ ಮುಂದಕ್ಕೆ ಗ್ರೀಕರ ಎಣಿಕೆಯೇ ನಿಂತಿತು. ಆದುದರಿಂದ ಪೆಂಟೇನ್, ಹೆಕ್ಸೇನ್.

ಆ ಸಭೆ ಮುಗಿದ ಹದಿಮೂರನೆಯ ದಿನ, ಮೇ 5ರಂದು, ಹಾಫ್‌ಮನ್ನನು ಬರ್ಲಿನ್ನಿನಲ್ಲಿ ಮರಣಹೊಂದಿದನು. ಆತನ ಕ್ವಾರ್ಟೇನ್ ಎಂಬ ಹೆಸರು ಬಳಕೆಯಲ್ಲಿ ಉಳಿಯಲಿಲ್ಲ. ಅದರ ಸ್ಥಾನದಲ್ಲಿ ನಿಂತ ಬ್ಯೂಟೇನ್ ಎಂಬುದು ಹಳಸಿದ ಬೆಣ್ಣೆಯಲ್ಲಿ ದೊರೆಯುವ ಆಮ್ಲದ ಹೆಸರಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಬ್ಯುಟಿರಮ್ ಎಂದರೆ ಬೆಣ್ಣೆ.