ಗಣಿತಜ್ಞ ಮಹಾವೀರಾಚಾರ್ಯ

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕನ್ನಡ ನಾಡನ್ನು ಆಳುತ್ತಿದ್ದನು. ಅವನ ಕಾಲದಲ್ಲಿ ಬಾಳಿದ ಜೈನ ವಿದ್ವಾಂಸನೇ ಮಹಾವೀರಾಚಾರ್ಯ. ಸುಮಾರು 850ರಲ್ಲಿ ಅವನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿ, ಅದರ ಆರಂಭದಲ್ಲಿ ನೃಪತುಂಗನನ್ನು ಕೊಂಡಾಡಿದನು.

ಅಂದು ಗಣಿತವು ಬಹುಮಟ್ಟಿಗೆ ಜ್ಯೋತಿಷಶಾಸ್ತ್ರದ ಅಂಗವಾಗಿದ್ದಿತು. ಮಹಾವೀರಾಚಾರ್ಯನು ಗಣಿತಕ್ಕಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟನು. ಅಡುಗೆ, ವೈದ್ಯ, ಸಂಗೀತ, ವಾಸ್ತು ಮೊದಲಾದ ವಿದ್ಯೆಗಳಿಗೆಲ್ಲ ಗಣಿತವು ಬೇಕೆಂದು ಸಾರಿದನು. ಸಂಖ್ಯೆಯ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳನ್ನು ಹೇಳಿದನು.

ದೊಡ್ಡ ಸಂಖ್ಯೆಗಳಲ್ಲಿ ಅಡಗಿದ್ದ ಸೊಬಗನ್ನೂ ಅವನು ಕಂಡನು. 27994681ನ್ನು 441ರಿಂದ ಗುಣಿಸಿದರೆ 12345654321 ದೊರೆಯುವುದು. ಒಂದರಿಂದ ಆರರವರೆಗೆ ಏರಿ, ಮರಳಿ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಯಾವ ತುದಿಯಿಂದ ಓದಿದರೂ ಒಂದೇ. ಇದು 111111ರ ವರ್ಗವೂ ಹೌದು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು ಮೂಡುವುದು. ಇಂತಹ ಕೆಲವು ಗುಣಲಬ್ಧಗಳನ್ನು ಅವನು ಕಂಠಾಭರಣವೆಂದು ಕರೆದನು.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂಬ ಅವನ ಅಭಿಪ್ರಾಯವು ಸರಿಯಲ್ಲವೆಂದು ಮುಂದೆ ತಿಳಿದುಬಂದಿತು. ಗಣಿತದಲ್ಲಿ ಹೇಳಿದವರ ಹಿರಿಮೆಗಿಂತ ಸತ್ಯವೇ ದೊಡ್ಡದು. ಆದರೆ ಅವನು ಪೋಣಿಸಿದ ಸಂಖ್ಯಾಮಾಲೆಗಳು ಸಾವಿರ ವರ್ಷಗಳ ಬಳಿಕವೂ ಬಾಡಿಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಹೊರತಂದರು. ಅಂದಿನಿಂದ ಆಚಾರ್ಯನ ಕೀರ್ತಿಯು ಹೊರನಾಡುಗಳಿಗೂ ಹಬ್ಬಿತು. ಆ ಮಾಲೆಗಳನ್ನು ಇಂದಿನ ವಿದ್ಯಾರ್ಥಿಯೂ ತಾನೇ ಗುಣಿಸಿ ಪರೀಕ್ಷಿಸಬಹುದು.